ಸೂರ ಮರಕಾಲನ ಹೆಬ್ಬೆಟ್ಟಿನ ಜಾಗ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಎಂದು ಕೇಳಬೇಡಿ. ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೊಳೆಗೆ ಸೇತುವೆ ಬಂದಿರಲಿಲ್ಲ, ಅಷ್ಟು ತಿಳಿದರೆ ಸಾಕು. ಆಗ ಒಂದೂರಿತ್ತಂತೆ. ಸುತ್ತ ನೀರು, ನಡುವೆ ಒಂದಿಷ್ಟು ನೆಲ, ನೆಲದ ತುಂಬ ತೆಂಗು. ಅಂಥ ಊರಿಗೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಇದ್ದ ಆ ಊರಿನ ಹೆಸರು ನಡುಕುದ್ರು. ಅಲ್ಲಿ ಸೂರ ಮರಕಾಲ ಎಂಬ ಕಡವಿನವ ಇದ್ದನಂತೆ. ಕಡವಿನವ ಎಂದರೆ ಜನರನ್ನು ದೋಣಿಯಲ್ಲಿ ಈ ದಡದಿಂದ ಆ ದಡಕ್ಕೆ ದಾಟಿಸುವವ.

ಸೂರ ಮರಕಾಲ ಒಳ್ಳೆಯವನಂತೆ, ಆದರೆ ಮೂಗಿನ ತುದಿಯಲ್ಲಿ ಸಿಟ್ಟು. ಅವನು ಬಯ್ಯಲು ಶುರುಮಾಡಿದರೆ ದಡದ ಏಡಿಗಳು ಬಿಲ ಸೇರುತ್ತಿದ್ದವಂತೆ. ಅವನು ಒಮ್ಮೆ ಬೈದದ್ದಕ್ಕೆ ಭರತದ ನೀರು ಏರುವುದನ್ನು ನಿಲ್ಲಿಸಿ ಹಿಂದೆ ಸರಿಯಿತಂತೆ. ಇದನ್ನು ಹೇಳುವವರು ಇದ್ದಾರೆ, ನಂಬುವವರೂ ಇದ್ದಾರೆ. ಇಳಿತದ ಹೊತ್ತಿಗೆ ಬೈದಿರಬೇಕು, ಅಷ್ಟೇ. ನೀರು ತನ್ನ ಪಾಡಿಗೆ ತಾನು ಇಳಿಯಿತು, ಹೆಸರು ಇವನಿಗೆ ಬಂತು. ದೊಡ್ಡವರಾಗುವುದು ಹೀಗೆಯೇ.

ಆ ಕಡವಿಗೆ ಒಂದು ಕಟ್ಟು, ಅಂದರೆ ಕಟ್ಟಳೆ, ಇತ್ತಂತೆ. ದೋಣಿ ಹತ್ತಿದವರ ಕೈ ಹುಟ್ಟಿಗಾಗಲಿ ಗಳಕ್ಕಾಗಲಿ ತಾಗಬಾರದು. ಕಡವಿನವ ತನ್ನ ಕೈಯಿಂದಲೇ ದೋಣಿ ಹೊರಡಿಸಬೇಕು, ತನ್ನ ಕೈಯಿಂದಲೇ ದಡ ಮುಟ್ಟಿಸಬೇಕು. ಹತ್ತಿದವರು ಎಂದು ಕೈ ಹಾಕುವ ಹಾಗಾಯಿತೋ ಅಂದು ಕಡವು ಆ ಮನೆಯಿಂದ ಬಿಟ್ಟುಹೋಯಿತು. ಆ ಮನೆಯವ ತನ್ನ ಹುಟ್ಟನ್ನು ತಂದು ಗುರಿಕಾರನ ಅಂಗಳದಲ್ಲಿ ಮಗುಚಿ ಇಡಬೇಕು, ಇನ್ನೊಂದು ಮನೆಯವ ಅದನ್ನು ಎತ್ತಿಕೊಳ್ಳಬೇಕು. ಗುರಿಕಾರ ಎಂದರೆ ಊರಿನ ನ್ಯಾಯ ಹೇಳುವ ಹಿರಿಯ. ಸೂರನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕಡವಿನವರೇ. ಅವರ ಮನೆಯ ಹುಟ್ಟು ಯಾರ ಅಂಗಳದಲ್ಲೂ ಮಗುಚಿದ್ದಿಲ್ಲ.

ಗಳ ಊರಿ ಊರಿ ಸೂರನ ಬಲ ಭುಜ ಹೋಗಿತ್ತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಅವನ ಹೆಂಡತಿ ಬಾಗಿಗೆ ಮಾತ್ರ. ಬೆಳಗ್ಗೆ ಅವನ ತಲೆಗೆ ಮುಂಡಾಸು ಸುತ್ತುತ್ತಿದ್ದವಳು ಅವಳೇ. ಊರ ಹೆಂಗಸರು ಅದನ್ನು ನೋಡಿ, ಈ ವಯಸ್ಸಿನಲ್ಲೂ ಗಂಡ ಹೆಂಡಿರ ಪ್ರೀತಿ ನೋಡಿ ಎನ್ನುತ್ತಿದ್ದರಂತೆ. ಬಾಗಿ ನಾಚಿಕೊಂಡ ಹಾಗೆ ಮಾಡುತ್ತಿದ್ದಳಂತೆ. ಮಾಡದೆ ಇನ್ನೇನು ಮಾಡಿಯಾಳು.

ಆಗ ಬಂದರಿನ ಗುಜರಿಯಲ್ಲಿ ಒಂದು ಹಳೇ ಮಿಷನ್ನು ಇದೆ ಎಂದು ಸುದ್ದಿಯಾಯಿತು. ದೋಣಿಯ ಹಿಂಬದಿಗೆ ತೂಗುಹಾಕುವ ಮಿಷನ್ನು. ಯಾವುದೋ ಕಾಲದ ಸಾಹೇಬನೊಬ್ಬನ ವಿಹಾರದ ದೋಣಿಯದಂತೆ. ಮೈ ಆನೆಯ ಮರಿಯಷ್ಟು, ಸದ್ದು ಆನೆಯದೇ. ಅದನ್ನು ಹೊರಡಿಸಲು ಎರಡು ದಾರಿ. ಒಂದು, ತಲೆಗೆ ಹಗ್ಗ ಸುತ್ತಿ ಭುಜದ ಬಲವೆಲ್ಲ ಹಾಕಿ ಎಳೆಯಬೇಕು. ಇನ್ನೊಂದು, ಸೆಲ್ಫು. ಬ್ಯಾಟರಿಯ ಕರೆಂಟಿನಿಂದ ತಿರುಗುವ ಪುಟ್ಟ ಮೋಟಾರು ಅದು. ಒಂದು ಗುಂಡಿ ಒತ್ತಿದರೆ ಅದು ತಿರುಗಿ ದೊಡ್ಡ ಮಿಷನ್ನನ್ನು ಎಬ್ಬಿಸುತ್ತದೆ. ಸೂರ ಮರಕಾಲ ಬಂದರಿಗೆ ಹೋಗಿ ಗುಂಡಿಯನ್ನು ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿದನಂತೆ. ಮಿಷನ್ನು ಗಿರ್ರೆಂದು ಎದ್ದಿತಂತೆ. ಮನೆಗೆ ಬಂದು ಬಾಗಿಯ ಎದುರು ಕೂತು ಹೆಬ್ಬೆಟ್ಟನ್ನು ಎತ್ತಿ ತೋರಿಸಿದನಂತೆ. ಊರವರಿಗೆ ಮಾತ್ರ, ಬೇಗ ದಾಟಬಹುದು, ನಿಮ್ಮ ಮೀನು ಕೆಡುವುದಿಲ್ಲ ಎಂದನಂತೆ. ಊರೆಲ್ಲ ಸೇರಿ ಮಿಷನ್ನು ತಂದರು.

ಆ ಬೇಸಿಗೆ ಪೂರ್ತಿ ಸೂರ ಮರಕಾಲ ರಾಜನ ಹಾಗೆ ಇದ್ದನಂತೆ. ಬೆಳಗ್ಗೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಹತ್ತುವುದು, ಇವನು ಹೆಬ್ಬೆಟ್ಟು ಒತ್ತುವುದು, ದೋಣಿ ಹೊರಡುವುದು. ಬೈಯಲು ಏನೂ ಸಿಗದೆ ಅವನು ಸೊರಗಿದನಂತೆ ಎಂದೂ ಹೇಳುತ್ತಾರೆ.

ಮಳೆಗಾಲ ಬಂತು. ಹೊಳೆ ಕೆಂಪಾಗಿ ಮೇಲೆ ಬಂತು. ಕಡವು ನಿಂತಿತು. ದೊಡ್ಡ ದೋಣಿಯನ್ನು ದಡಕ್ಕೆಳೆದು ಮಗುಚಿದರು. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲಿ ಎಂದು ಸೂರ ಮಿಷನ್ನನ್ನು ಬಿಚ್ಚಿ, ಸೆಲ್ಫನ್ನು ಬೇರೆ, ವೈರುಗಳನ್ನು ಬೇರೆ, ನಟ್ಟು ಬೋಲ್ಟುಗಳನ್ನು ಬೇರೆ ಮಾಡಿ, ಚಾವಡಿಯಲ್ಲಿ ಗೋಣಿಯ ಮೇಲೆ ಹರಡಿದನಂತೆ. ಮಾಡಿದ್ದು ಸರಿಯೇ. ಆದರೆ ಊರಿಗೊಂದು ಪದ್ಧತಿ ಇತ್ತಲ್ಲ, ಅದು ಅವನ ಕುತ್ತಿಗೆಗೆ ಬಂತು.

ಪದ್ಧತಿ ಏನೆಂದರೆ, ಮಳೆ ಹಿಂದೆ ಸರಿಯುವ ಸೋಣೆ ತಿಂಗಳಲ್ಲಿ ಬಿಸಿಲು ಕಂಡ ಮೇಲೆ ಕಡವಿನ ದೋಣಿಗೆ ಗೇರುಸಿಪ್ಪೆಯ ಎಣ್ಣೆ ಹಚ್ಚುವುದು. ಗೇರೆಣ್ಣೆ ಹಚ್ಚಿದ ಮರವನ್ನು ಹುಳು ತಿನ್ನುವುದಿಲ್ಲ, ಅದು ನೀರು ಕುಡಿಯುವುದಿಲ್ಲ. ಒಣಗಿದರೆ ಕರಿಯ ಗಾಜಿನ ಹಾಗೆ ಗಟ್ಟಿ ಪೊರೆ. ದೋಣಿ ಊರಿನದ್ದಾದ್ದರಿಂದ ಒಂದೊಂದು ಮನೆಯಿಂದಲೂ ಒಬ್ಬ ಹೆಂಗಸು ಬಂದು ಒಂದು ಕೈ ಎಣ್ಣೆ ಹಚ್ಚಬೇಕು. ಹಲಗೆಗೆ ಹಲಗೆ ಸೇರುವ ಸಂದಿಗೆ ಮೊದಲು, ಮೈಗೆ ಆಮೇಲೆ. ಒಣ ಮೈಯಲ್ಲಿ ಯಾವುದೂ ನೀರಿಗೆ ಇಳಿಯಬಾರದು. ಹಾಗೆ ಹಚ್ಚಿದ ಎಣ್ಣೆಯನ್ನು ಯಾರೂ ಹೆರೆಯುವಂತಿಲ್ಲ. ದೋಣಿ ಸತ್ತಾಗ, ಒಡೆದು ಸೌದೆ ಮಾಡುವಾಗ ಮಾತ್ರ ಹೆರೆಯುವುದು. ಅಂದು ಊರಿನಲ್ಲಿ ಒಲೆ ಹಚ್ಚುವುದಿಲ್ಲ. ಸೂರನ ಅಪ್ಪ ಹಳೆಯ ದೋಣಿಯ ಎಣ್ಣೆ ಹೆರೆದ ವರ್ಷವೇ ತೀರಿಕೊಂಡಿದ್ದ. ಹಾಗಾಗಿ ಆ ಹೆದರಿಕೆ ಸೂರನಿಗೆ ಎಲ್ಲರಿಗಿಂತ ಒಂದು ತೂಕ ಹೆಚ್ಚೇ ಇತ್ತು.

ಆ ವರ್ಷವೂ ಹೆಂಗಸರು ಬಂದರು. ಮುಂದೆ ಅಕ್ಕಣಿ ಅಜ್ಜಿ. ಊರಿನಲ್ಲೇ ಹಿರಿಯಳು, ಮೊದಲ ಕೈ ಎಣ್ಣೆ ಅವಳದ್ದು. ದೋಣಿಗೆ ಹಚ್ಚಿ ಮುಗಿಸಿದ ಮೇಲೆ ಅವಳು ಚಾವಡಿಯ ಕಡೆ ನೋಡಿ, ಮಿಷನ್ನೂ ಈಗ ದೋಣಿಯ ಮೈಯೇ ಅಲ್ಲವೇ, ಅದೇನು ಪರದೇಶಿಯೇ ಎಂದಳಂತೆ. ಆಗಲಿ ಎಂದು ಎಲ್ಲರೂ ಚಾವಡಿಗೆ ನುಗ್ಗಿದರು. ಸೂರ ಬಂದರಿಗೆ ಹೋಗಿದ್ದ. ಬರುವಷ್ಟರಲ್ಲಿ ಕವಚ, ಸೆಲ್ಫು, ಅದನ್ನು ಮಿಷನ್ನಿನ ಮೈಗೆ ಬಿಗಿಯುವ ಸೆಲ್ಫಿನ ಕಾಲು, ವೈರಿನ ತುದಿ, ನಟ್ಟು, ಬೋಲ್ಟು, ವಾಷರು ಎಲ್ಲವೂ ಮಿರಿಮಿರಿ ಮಿಂಚುತ್ತಿದ್ದವು. ಮನೆಗೊಂದು ಕೈಯಂತೆ ಊರಿನ ಎಣ್ಣೆಯೆಲ್ಲ ಅವುಗಳ ಮೈಮೇಲೆ. ಸೂರ ನೋಡಿ, ಚಂದ ಆಯಿತು ಎಂದನಂತೆ. ಈ ಮಾತನ್ನು ಆಮೇಲೆ ಊರವರು ಅವನಿಗೆ ಎಷ್ಟು ಸಲ ನೆನಪಿಸಿದರೋ.

ಒಣಗಿದ ಮೇಲೆ ಎಲ್ಲ ಜೋಡಿಸಿ, ದೋಣಿಗೆ ಕಟ್ಟಿ, ನೀರಿಗೆ ಇಳಿಸಿ, ತೆಂಗಿನಕಾಯಿ ಒಡೆದು, ಸೂರ ಮರಕಾಲ ಹೆಬ್ಬೆಟ್ಟು ಒತ್ತಿದ.

ಟಕ್.

ಅಷ್ಟೇ. ಇನ್ನೊಮ್ಮೆ ಒತ್ತಿದ. ಟಕ್. ಮೆಲ್ಲಗೆ ಒತ್ತಿದ, ಗಟ್ಟಿಯಾಗಿ ಒತ್ತಿದ, ಒತ್ತಿಕೊಂಡೇ ಕುಳಿತ. ಟಕ್. ಹಲ್ಲಿ ಲೊಚಗುಟ್ಟಿದಷ್ಟು ಸದ್ದು, ಅದಕ್ಕಿಂತ ಹೆಚ್ಚಿಲ್ಲ.

ಶುರುವಾಯಿತು ನೋಡಿ ಪುರಾಣ. ಬ್ಯಾಟರಿ ಸತ್ತಿದೆ ಎಂದ ಒಬ್ಬ. ಸೂರ ಎಡಗೈಯಲ್ಲಿ ಗಳ ಊರುತ್ತ ಹೊಳೆ ದಾಟಿ, ಬ್ಯಾಟರಿಯನ್ನು ಎಡ ಹೆಗಲ ಮೇಲೆ ಹೊತ್ತು, ಪೇಟೆಯಲ್ಲಿ ಚಾರ್ಜಿಗೆ ಇಟ್ಟು ಕಾದು ತಂದ. ಟಕ್. ಗುಂಡಿ ಹೋಗಿದೆ ಎಂದ ಇನ್ನೊಬ್ಬ. ಗುಂಡಿ ಬದಲಾಯಿತು. ಟಕ್. ಮಿಷನ್ನಿಗೆ ದೃಷ್ಟಿಯಾಗಿದೆ ಎಂದರು. ಮೆಣಸು, ಲಿಂಬೆ ಕಟ್ಟಿದರು. ಟಕ್. ಮೊದಲ ಗಿರಾಕಿಯ ಕಾಲುಗುಣ ಸರಿಯಿಲ್ಲ ಎಂದಳು ಒಬ್ಬಳು. ಮೊದಲ ಗಿರಾಕಿ ನೀನೇ ಎಂದ ಸೂರ. ಅವಳು ಆಮೇಲೆ ಎಷ್ಟೋ ಕಾಲ ಅವನ ಮನೆಗೆ ಮೀನು ಕೊಡಲಿಲ್ಲವಂತೆ.

ದಡದಲ್ಲಿ ಯಾವಾಗಲೂ ನಾಲ್ಕು ಜನ ಕೂತಿರುತ್ತಿದ್ದರು. ಅವರಲ್ಲಿ ಯಾರೂ ಜೀವಮಾನದಲ್ಲಿ ಒಂದು ಬೋಲ್ಟು ತಿರುಗಿಸಿದವರಲ್ಲ. ಆದರೂ ಸೂರ ಸ್ಪ್ಯಾನರು ಎಡಕ್ಕೆ ತಿರುಗಿಸಿದರೆ ಬಲಕ್ಕೆ ಎನ್ನುತ್ತಿದ್ದರು, ಬಲಕ್ಕೆ ತಿರುಗಿಸಿದರೆ ಮೊದಲೇ ಹೇಳಿದ್ದೆವಲ್ಲ ಎನ್ನುತ್ತಿದ್ದರು. ಮದುವೆ ಆಗುವವನಿಗಿಂತ ಓಲಗದವನ ಗಡಿಬಿಡಿ ಹೆಚ್ಚು. ಸೂರ ತಲೆ ಎತ್ತದೆ ಬೈಯುತ್ತಿದ್ದ, ಅವರು ಕೇಳದೆ ಹೇಳುತ್ತಿದ್ದರು.

ಹಗ್ಗ ಎಳೆದರೆ ಮುಗಿಯಿತಲ್ಲ ಎಂದೂ ಕೆಲವರು ಅಂದರು. ಹಗ್ಗ ಎಳೆಯುವುದು ಹಳೇ ಕಾಲದವರ ಕೆಲಸ, ಸೆಲ್ಫು ಇರುವಾಗ ನಾನೇಕೆ ಎಳೆಯಲಿ ಎಂದು ಸೂರ ಗದರಿದನಂತೆ. ಗದರಿದ್ದು ಜೋರಾಗಿಯೇ. ಬಾಗಿ ಮಾತ್ರ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಕೊನೆಗೆ ಬಂದರಿನಿಂದ ಕಜೆತಾನ್ ಮೇಸ್ತ್ರಿಯನ್ನು ಕರೆಸಿದರು. ಲಾಂಚಿನ ಮಿಷನ್ನುಗಳ ರಿಪೇರಿಯವ, ಒಳ್ಳೆಯ ಕೈ, ಮಾತು ಕಡಿಮೆ. ಅವನು ಕೇಳಿಸಿಕೊಂಡ: ಟಕ್. ಸೆಲ್ಫನ್ನೇ ಬಿಚ್ಚಿ ಕೆಳಗಿಳಿಸಿದ. ದಡದ ಕಲ್ಲಿನ ಮೇಲಿಟ್ಟು, ತನ್ನ ಚೀಲದಿಂದ ಎರಡು ವೈರು ತೆಗೆದ. ವೈರಿನ ತುದಿಗೆ ಹಲ್ಲಿರುವ ಕ್ಲಿಪ್ಪು. ಒಂದನ್ನು ಸೆಲ್ಫಿನ ತಲೆಗೆ ಕಚ್ಚಿಸಿದ, ಇನ್ನೊಂದನ್ನು ಅದರ ಮೈಗೆ. ಬ್ಯಾಟರಿಗೆ ಮುಟ್ಟಿಸಿದ್ದೇ ತಡ, ಸೆಲ್ಫು ಗಿರ್ರೆಂದು ತಿರುಗಿ ಕಲ್ಲಿನಿಂದ ಹಾರಿ ಬಿತ್ತು. ಊರೆಲ್ಲ ಹೋ ಎಂದಿತು. ಹೆಂಗಸರು ಬಂದರು, ಬಿಚ್ಚಿದ್ದನ್ನು ಒಣ ಮೈಯಲ್ಲಿ ಇಳಿಸಬಾರದಲ್ಲ, ಕಾಲಿಗೂ ಬೋಲ್ಟಿಗೂ ಇನ್ನೊಂದು ಕೈ ಎಣ್ಣೆ ಹಚ್ಚಿದರು. ಬಿಸಿಲಿಗಿಟ್ಟರು. ಮೇಸ್ತ್ರಿ ಮತ್ತೆ ಕಟ್ಟಿದ. ಸೂರ ಒತ್ತಿದ.

ಟಕ್.

ಕಜೆತಾನ್ ಮೇಸ್ತ್ರಿ ಮತ್ತೆ ಬಿಚ್ಚಿದ. ಕಲ್ಲಿನ ಮೇಲೆ ಗಿರ್ರ್. ಕಟ್ಟಿದ. ದೋಣಿಯ ಮೇಲೆ ಟಕ್. ಬಿಚ್ಚಿದ, ಒಳಗಿನ ಕಾರ್ಬನ್ನು ಬದಲಾಯಿಸಿದ, ಹೆಂಗಸರು ಎಣ್ಣೆ ಹಚ್ಚಿದರು, ಕಟ್ಟಿದ, ಟಕ್. ನೆಲದ ಮೇಲೆ ಸಿಂಹ, ನೀರಿನ ಮೇಲೆ ಬೆಕ್ಕು. ಬಿಚ್ಚುವುದು, ತಿರುಗಿಸುವುದು, ಎಣ್ಣೆ ಹಚ್ಚುವುದು, ಕಟ್ಟುವುದು, ಬೈಯುವುದು. ಆ ದಿನಗಳಲ್ಲಿ ಸೂರ ಮರಕಾಲನಿಗೆ ನಿದ್ದೆಯಲ್ಲೂ ಟಕ್ ಕೇಳುತ್ತಿತ್ತಂತೆ. ಹಲ್ಲಿ ಲೊಚಗುಟ್ಟಿದರೆ ಚಪ್ಪಲಿ ಎಸೆಯುತ್ತಿದ್ದನಂತೆ. ಬಾಗಿ ವೀಳ್ಯಕ್ಕೆ ಅಡಿಕೆ ಕತ್ತರಿಸುವುದನ್ನೇ ಬಿಟ್ಟಳಂತೆ, ಕತ್ತರಿಯ ಸದ್ದು ಅವನಿಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಗಸರ ಮೀನು ಕೆಡತೊಡಗಿತು. ಸೂರ ಎಡಗೈಯಲ್ಲಿ ಗಳ ಊರಿ ದಾಟಿಸುತ್ತಿದ್ದ. ಎಡಗೈಯಲ್ಲಿ ಏಕೆ ಎಂದರೆ, ಬಲಗೈಗೆ ಗ್ರೀಸು ಅಂಟಿದೆ ಎನ್ನುತ್ತಿದ್ದ. ನೀರು ತಣ್ಣಗೆ ನಿಂತ ಹೊತ್ತು ನೋಡಿಕೊಂಡೇ ಹೊರಡಬೇಕು. ಪೇಟೆ ಮುಟ್ಟುವಾಗ ಗಿರಾಕಿಗಳು ಮನೆ ಸೇರಿರುತ್ತಿದ್ದರು. ಒಂದು ದಿನ ಬುಟ್ಟಿಯ ಮೀನನ್ನು ತಿರುಗಿ ಹೊಳೆಗೇ ಸುರಿದು ಬಂದ ಹೆಂಗಸರು ಸೀದಾ ಗುರಿಕಾರನ ಅಂಗಳಕ್ಕೆ ಹೋದರು. ಗುರಿಕಾರ ಸೂರನನ್ನು ಕರೆಸಿದ. ಬರುವ ಅಮಾಸೆಯ ಬೆಳಗ್ಗೆ, ಭರತದ ನೀರು ಜೋರಾಗಿರುವಾಗ, ನಿನ್ನ ಕೈಯಿಂದ ದೋಣಿ ದಾಟಲಿ. ದಾಟದಿದ್ದರೆ ಸಂಜೆಗೆ ಹುಟ್ಟು ತಂದು ಇಲ್ಲಿ ಮಗುಚು ಎಂದ. ಅಮಾಸೆಯ ನೀರಿಗೆ ಎಡಗೈಯ ಗಳ ಏನೂ ಅಲ್ಲ. ಸೂರನಿಗೆ ಅದು ಗೊತ್ತಿತ್ತು.

ಅಮಾಸೆಯ ಹಿಂದಿನ ದಿನ ಕಜೆತಾನ್ ಮೇಸ್ತ್ರಿ ಕೊನೆಯ ಸಲ ಬಂದ. ಎಲ್ಲ ನೋಡಿದ. ಬ್ಯಾಟರಿ ಸರಿ, ಗುಂಡಿ ಸರಿ, ಸೆಲ್ಫು ಸರಿ, ಕೆಂಪು ವೈರಿನಲ್ಲಿ ಕರೆಂಟು ಸೆಲ್ಫಿನ ತಲೆಯವರೆಗೂ ಬರುತ್ತಿದೆ. ಇನ್ನೇನು ಬೇಕು ಈ ಮುಂಡೇದಕ್ಕೆ ಎಂದು ಸ್ಪ್ಯಾನರನ್ನು ಚೀಲಕ್ಕೆ ಹಾಕಿದ. ಮಾತು ಕಡಿಮೆಯವನು ಅಂದು ಹೊಳೆ ದಾಟುವವರೆಗೂ ಒಬ್ಬನೇ ಮಾತಾಡಿಕೊಂಡು ಹೋದನಂತೆ.

ಮಧ್ಯಾಹ್ನ ಸೂರ ಊಟಕ್ಕೆ ಕೂತ. ಗಂಜಿ ಆರುತ್ತಿತ್ತು. ಏನು ಹೇಳಿದರು ಮೇಸ್ತ್ರಿ ಎಂದು ಬಾಗಿ ಕೇಳಿದ್ದಕ್ಕೆ ಅವನು ಸಿಡಿದ. ನಿನಗೆ ಹೇಳಿದರೆ ಏನು ಅರ್ಥವಾಗುತ್ತದೆ ಎಂದ. ಅರ್ಥವಾಗದಿದ್ದರೂ ಹೇಳಿ, ಹೊಟ್ಟೆ ಹಗುರಾಗುತ್ತದೆ ಎಂದಳು ಅವಳು. ಅವನು ಎಡಗೈಯ ಬೆರಳಿನಿಂದ ನೆಲದ ಮೇಲೆ ಗಂಜಿಯ ತಿಳಿಯಲ್ಲಿ ಗೀಟು ಎಳೆದ. ಇದು ಬ್ಯಾಟರಿ. ಇದು ಕೆಂಪು ವೈರು. ಇದು ಸೆಲ್ಫು. ಕರೆಂಟು ಇಲ್ಲಿಂದ ಇಲ್ಲಿಗೆ ಹೋಗುತ್ತದೆ, ತಲೆ ಮುಟ್ಟುತ್ತದೆ, ಆದರೂ ತಿರುಗುವುದಿಲ್ಲ.

ಬಾಗಿ ಗೀಟನ್ನು ನೋಡಿದಳು. "ಹೋಪುದ್ ಆಯ್ತ್. ವಾಪಸ್ ಬಪ್ಪುದ್ ಯಾವ ದಾರಿಯಂಗೆ?"

"ಎಂತ ವಾಪಸ್ ಬಪ್ಪುದ್? ಅದೇನ್ ಸಂತೆಗೆ ಹೋದ್ದಾ?"

"ನಂಗೇನ್ ಗೊತ್ತ್. ಬರೀ ಹೋಪ ಕಡವು ಎಲ್ಲಿತ್ತ್ ಮಾರಾಯ್ರೆ? ದಾಟ್ಸಿದ ದೋಣಿ ತಿರ್ಗಿ ಬರ್ದಿದ್ರೆ ಮತ್ತೊಬ್ರನ್ನ್ ದಾಟ್ಸುದ್ ಹ್ಯಾಂಗೆ?"

ಸೂರ ಬಾಯಿ ತೆರೆದ, ಬೈಯಲು. ಬೈಗುಳ ಬರಲಿಲ್ಲ. ಮೇಸ್ತ್ರಿ ಮೊದಲ ದಿನವೇ ಒಂದು ಮಾತು ಹೇಳಿದ್ದ: ಹೋಗುವುದಕ್ಕೆ ಕೆಂಪು ವೈರು, ಬರುವುದಕ್ಕೆ ಮಿಷನ್ನಿನ ಮೈಯೇ ವೈರು. ಬ್ಯಾಟರಿಯ ಕಪ್ಪು ವೈರನ್ನೂ ಸೆಲ್ಫಿನ ಕಾಲನ್ನೂ ಮೈಗೆ ಒಂದೇ ಬೋಲ್ಟಿನಲ್ಲಿ ಬಿಗಿದಿದೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕರೆಂಟು ಮನೆಗೆ ಮರಳುತ್ತದೆ. ಆಗ ಸೂರ ತಲೆಯಾಡಿಸಿದ್ದ, ಕೇಳಿಸಿಕೊಂಡಿರಲಿಲ್ಲ. ಈಗ ಆ ಬೋಲ್ಟು ಕಣ್ಣೆದುರು ಬಂತು. ಮಿರಿಮಿರಿ ಮಿಂಚುವ ಬೋಲ್ಟು. ಅದರ ಕೆಳಗೆ ಮಿಂಚುವ ವಾಷರು, ಮಿಂಚುವ ಕಾಲು. ಕಬ್ಬಿಣಕ್ಕೆ ಕಬ್ಬಿಣ ಎಲ್ಲಿ ತಾಗುತ್ತದೆ? ನಡುವೆ ಇಡೀ ನಡುಕುದ್ರುವಿನ ಎಣ್ಣೆ ಇದೆ. ಟಕ್ ಎನ್ನಲು ಚೂರು ಕರೆಂಟು ಸಾಕು, ಅಷ್ಟು ಹೇಗೋ ನುಸುಳುತ್ತದೆ. ತಿರುಗಲು ಹೊಳೆಯಷ್ಟು ಬೇಕು. ಕಲ್ಲಿನ ಮೇಲೆ ತಿರುಗಿದ್ದು ಮೇಸ್ತ್ರಿಯ ಕ್ಲಿಪ್ಪಿನ ಹಲ್ಲು ಎಣ್ಣೆಯ ಪೊರೆಯನ್ನು ಕಚ್ಚಿ ಹರಿದದ್ದರಿಂದ.

ಅವನು ನಗಲೂ ಇಲ್ಲ, ಎದ್ದು ಕುಣಿಯಲೂ ಇಲ್ಲ. ಗಂಜಿಯ ಬಟ್ಟಲನ್ನು ದೂರ ಸರಿಸಿ, "ಹೆಣೆ, ಎಣ್ಣೆ ಹೆರೀಕ್" ಎಂದನಂತೆ.

ಬಾಗಿಯ ಮುಖ ಬಿಳುಚಿತು. ಹೆರೆದರೆ ದೋಣಿ ಸತ್ತಿತು ಎಂದು ಡಂಗುರ ಸಾರಿದ ಹಾಗೆ. ಹೆರೆಯದಿದ್ದರೆ ಹುಟ್ಟು ಮಗುಚಬೇಕು. ಕದ್ದು ಹೆರೆಯೋಣವೆಂದರೆ ದಡದಲ್ಲಿ ಆ ನಾಲ್ಕು ಜನ ಕೂತೇ ಇದ್ದಾರೆ. ಅವರಿಲ್ಲದಿದ್ದರೂ ಅವನ ಕೈ ಬರುತ್ತಿತ್ತೋ ಇಲ್ಲವೋ. ಅಪ್ಪ ಹೆರೆದ ವರ್ಷ ಅವನ ಕಣ್ಣ ಮುಂದೆಯೇ ಇತ್ತು. ಆ ದಿನ ಅವನು ಮತ್ತೆ ಯಾರನ್ನೂ ಬೈಯಲಿಲ್ಲವಂತೆ. ಊರಿಗೆ ಅದೇ ಹೆದರಿಕೆಯಾಯಿತಂತೆ.

ಅಮಾಸೆಯ ಬೆಳಗಾಯಿತು. ಭರತದ ನೀರು ಮೊರೆಯುತ್ತ ಏರುತ್ತಿತ್ತು. ಹೆಂಗಸರು ಬುಟ್ಟಿಗಳ ಸಮೇತ ದೋಣಿ ಹತ್ತಿದರು. ಅಕ್ಕಣಿ ಅಜ್ಜಿ ಮಿಷನ್ನಿನ ಪಕ್ಕದಲ್ಲೇ ಕೂತಳು, ಕಾಲಬುಡದಲ್ಲಿ ಬುಟ್ಟಿ. ಗುರಿಕಾರ ದಡದಲ್ಲಿ ನಿಂತ. ಆಚೆ ಮನೆಯವನೊಬ್ಬ, ಹುಟ್ಟು ಎತ್ತಿಕೊಳ್ಳಬೇಕಾದವನು, ಸ್ವಲ್ಪ ದೂರದಲ್ಲಿ ನಿಂತು ನೆಲ ನೋಡುತ್ತಿದ್ದ. ಪಾಪ, ಅವನಿಗೂ ಕಸಿವಿಸಿ. ಸೂರ ಮರಕಾಲ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದ. ಎಣ್ಣೆ ಹೆರೆಯದೆಯೇ ಒಮ್ಮೆ ಆಗಿಬಿಡಲಿ ತಾಯೇ ಎಂದುಕೊಂಡಿರಬೇಕು.

ಟಕ್.

ಅಕ್ಕಣಿ ಅಜ್ಜಿಯೇ ಹೇಳಿದಳು. "ಸಾಕ್ ಮಾರಾಯ ಇದರ ಆಟ. ಹಗ್ಗ ಎಳಿ."

ಹಗ್ಗ ಅಲ್ಲೇ ಇತ್ತು. ಸೂರ ಹಗ್ಗ ನೋಡಿದ, ನೀರು ನೋಡಿದ. ಬಗ್ಗಿ, ಅಜ್ಜಿಯ ಬುಟ್ಟಿಯಿಂದ ಮೀನು ಹೆರೆಯುವ ಕತ್ತಿಯನ್ನು ಎತ್ತಿಕೊಂಡ. ಸ್ಪ್ಯಾನರಿನಿಂದ ಆ ಬೋಲ್ಟನ್ನು ಸಡಿಲಿಸಿ, ಸೆಲ್ಫಿನ ಕಾಲಿನ ಮೇಲೆ ಕತ್ತಿಯ ಬಾಯಿ ಇಟ್ಟು ಒಂದು ಸಲ ಎಳೆದ. ಕರಿಯ ಪೊರೆ ಸುರುಳಿ ಸುತ್ತಿ ಎದ್ದಿತು.

ದೋಣಿಯಲ್ಲಿ ಎದ್ದ ಕೂಗು ಬಂದರಿಗೆ ಕೇಳಿಸಿತಂತೆ. ಹೆರೆದ, ದೋಣಿಯ ಎಣ್ಣೆ ಹೆರೆದ, ಬುದ್ಧಿ ಕೆಟ್ಟಿತು ಇವನಿಗೆ ಎಂದು ಕೆಲವರು ಎದೆ ಬಡಿದುಕೊಂಡರು, ಕೆಲವರು ಬುಟ್ಟಿ ಬಿಟ್ಟು ನೀರಿಗೇ ಇಳಿದರು. ಅಕ್ಕಣಿ ಅಜ್ಜಿ ಎದ್ದವಳೇ ಕತ್ತಿ ಹಿಡಿದ ಅವನ ಬಲಗೈಯನ್ನು ಹಿಡಿದು ಬಲವಾಗಿ ಮೇಲಕ್ಕೆ ಎಳೆದಳು.

ಸೂರ ಮರಕಾಲ ಕಿರುಚಿದ. ಬೈಗುಳವಲ್ಲ, ಬರೀ ಕಿರುಚು. ಕತ್ತಿ ಬಿತ್ತು. ಅವನು ಮಿಷನ್ನಿಗೆ ಒರಗಿ ಕುಸಿದ, ಕಣ್ಣಲ್ಲಿ ನೀರು. ಅಜ್ಜಿ ಕೈ ಬಿಟ್ಟಳು. ಬಿಟ್ಟ ಕೈ ಕೆಳಗೆ ಜೋತುಬಿತ್ತು. ಅದನ್ನು ಎಲ್ಲರೂ ನೋಡಿದರು. ಮುಂಡಾಸು ಸುತ್ತುತ್ತಿದ್ದ ಬಾಗಿ, ಎಡಗೈಯ ಗಳ, ಎಳೆಯದ ಹಗ್ಗ, ಎಲ್ಲವೂ ಒಂದೊಂದಾಗಿ ಎಲ್ಲರಿಗೂ ಅರ್ಥವಾಯಿತು.

"ಈ ಕೈ ಹೋಯಿ ಕಾಲ ಆಯ್ತ್ ಅಜ್ಜಿ," ಎಂದ ಸೂರ. "ಇದ್ದುದ್ ಈ ಹೆಬ್ಬೆಟ್ಟ್ ಒಂದೇ. ಅದನ್ನೂ ನೀವೆಲ್ಲ ಪ್ರೀತಿ ಮಾಡಿ ಮಾಡಿ ಕೊಂದ್ರಿ."

ಆಮೇಲೆ ಅವನು ಎಲ್ಲ ಹೇಳಿದ. ಕರೆಂಟು ಹೋಗುವುದು, ಮರಳುವುದು, ಮರಳುವ ದಾರಿಯಲ್ಲಿ ಮನೆಗೊಂದು ಕೈ ಎಣ್ಣೆ. ರೇಗಿ ರೇಗಿ ಹೇಳಿದ, ಅರ್ಥವಾಗದವರಿಗೆ ಮತ್ತೆ ಹೇಳಿದ. ಸಂದಿಗೆ ಹಚ್ಚಬೇಡಿ ಎಂದು ನಾನೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ, ನೋಡಿ ಚಂದ ಎಂದೆ ಎಂದು ತನ್ನನ್ನೂ ಬೈದುಕೊಂಡ. ನೀರು ಏರುತ್ತಲೇ ಇತ್ತು. ಬುಟ್ಟಿಗಳಲ್ಲಿ ಮೀನಿನ ಕಣ್ಣು ಮಂಜಾಗುತ್ತಿತ್ತು.

ಅಕ್ಕಣಿ ಅಜ್ಜಿ ಬಹಳ ಹೊತ್ತು ಆ ಕರಿಯ ಸುರುಳಿಯನ್ನೇ ನೋಡಿದಳಂತೆ. ಮೊದಲ ಕೈ ಎಣ್ಣೆ ಅವಳದ್ದಲ್ಲವೇ. ಆಮೇಲೆ ತನ್ನ ಹೆಬ್ಬೆಟ್ಟನ್ನು ಸೆಲ್ಫಿನ ಕಾಲಿನ ಮೇಲೆ, ಬೋಲ್ಟು ಕೂರುವ ಕಡೆ ಒತ್ತಿ ಇಟ್ಟಳು. "ಇಷ್ಟ್ ಜಾಗ ಹೆರಿ. ಇಷ್ಟ್ ಹೆರದ್ರೆ ದೋಣಿ ಸಾಯುದಿಲ್ಲೆ, ನಾನ್ ಹೇಳ್ತೆ. ಇದಕ್ಕಿಂತ್ ಒಂದ್ ಗೀಟ್ ಹೆಚ್ಚ್ ಹೆರದ್ರೆ ನಿನ್ನನ್ನ್ ಹೊಳಿಗ್ ಹಾಕ್ತೆ."

ಸೂರ ಎಡಗೈಯಲ್ಲಿ ಹೆರೆದ. ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಕಬ್ಬಿಣ ಬೆಳ್ಳಗೆ ಕಂಡಿತು. ಅದಕ್ಕೆ ಎದುರಾದ ಮೈಯನ್ನೂ, ಬೋಲ್ಟಿನ ತಳವನ್ನೂ, ಕಪ್ಪು ವೈರಿನ ತುದಿಯನ್ನೂ ಉಜ್ಜಿದ. ಅಷ್ಟನ್ನೇ, ಒಂದು ಗೀಟು ಹೆಚ್ಚಿಲ್ಲ. ಬಿಗಿದ. ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟ. ಒತ್ತಿದ.

ಗಿರ್ರೆಂದು ಸೆಲ್ಫು ತಿರುಗಿತು. ಮಿಷನ್ನು ಕೆಮ್ಮಿ, ಹೊಗೆ ಉಗುಳಿ, ಎದ್ದಿತು.

ಆಗ ಗುರಿಕಾರ ದಡದಿಂದ ಕೈ ಎತ್ತಿದನಂತೆ. ಹತ್ತಿದವರ ಕೈ ತಾಗಿತಲ್ಲ ಎಂದ. ತಾಗಿದ್ದು ಕಡವಿನವನ ಕೈಗೆ, ಹುಟ್ಟಿಗಲ್ಲ ಎಂದಳು ಅಜ್ಜಿ. ಮಿಷನ್ನಿನ ಮೇಲೆ ಹೆಬ್ಬೆಟ್ಟು ಇಟ್ಟೆಯಲ್ಲ ಎಂದ. ಅದು ಅಳತೆ ಎಂದಳು. ಕೈಯೇ ಇಲ್ಲದವನಿಗೆ ಕಡವು ಹೇಗೆ ಎಂದ ಗುರಿಕಾರ, ಸಿಟ್ಟಿನಿಂದಲ್ಲ, ನ್ಯಾಯ ಹೇಳಬೇಕಲ್ಲ. ಕಟ್ಟಿನಲ್ಲಿ ಇರುವುದು ತನ್ನ ಕೈಯಿಂದ ಎಂದಲ್ಲವೇ ಎಂದೂ ಅಂದ. ಹೆಬ್ಬೆಟ್ಟು ಕೈಯದ್ದಲ್ಲದೆ ಕಾಲಿನದ್ದೋ ಎಂದು ಅಜ್ಜಿ ಕೇಳಿದಳು. ಗುರಿಕಾರ ಯೋಚಿಸಿದ. ಯೋಚಿಸುತ್ತಿರುವಾಗಲೇ ದೋಣಿ ಹೊಳೆಯ ನಡುವೆ ಇತ್ತಂತೆ. ಹುಟ್ಟು ಎತ್ತಿಕೊಳ್ಳಬೇಕಾಗಿದ್ದವ ದೊಡ್ಡ ಉಸಿರು ಬಿಟ್ಟು ಮನೆಗೆ ಹೋದ.

ಮುಂದಿನ ಸೋಣೆಯಲ್ಲಿ ಹೆಂಗಸರು ಮತ್ತೆ ಬಂದರು, ಎಣ್ಣೆಯ ಚಟ್ಟಿ ಹಿಡಿದು. ಸೂರ ಚಾವಡಿಯ ಬಾಗಿಲಿಗೆ ಅಡ್ಡ ನಿಂತ. ಅಕ್ಕಣಿ ಅಜ್ಜಿ ಅವನನ್ನು ಸರಿಸಿ ಒಳಗೆ ಹೋಗಿ, ಸೆಲ್ಫಿನ ಕಾಲಿನ ಬೆಳ್ಳನೆಯ ಜಾಗದ ಮೇಲೆ ಎಡ ಹೆಬ್ಬೆಟ್ಟು ಒತ್ತಿ ಹಿಡಿದು, ಬಲಗೈಯಲ್ಲಿ ಸುತ್ತ ಎಣ್ಣೆ ಹಚ್ಚಿದಳು. ಅವಳ ಹಿಂದೆ ಬಂದವರೂ ಹಾಗೆಯೇ. ಸೂರ ಪಕ್ಕದಲ್ಲೇ ಕೂತು ಒಬ್ಬೊಬ್ಬರ ಹೆಬ್ಬೆಟ್ಟನ್ನೂ ನೋಡಿ, ಇಲ್ಲಿ ಬಂತು, ಅಲ್ಲಿ ಬಂತು, ಕಣ್ಣು ಎಲ್ಲಿದೆ ಎಂದು ಬೈಯುತ್ತಿದ್ದನಂತೆ. ಬೈಸಿಕೊಂಡವರು ನಗುತ್ತಿದ್ದರಂತೆ. ಅವನು ಮುದುಕನಾಗುವವರೆಗೂ ಕಡವು ಅವನದ್ದೇ ಆಗಿತ್ತು.

ಈಗ ಸೇತುವೆ ಬಂದಿದೆ. ಕಡವಿಲ್ಲ. ಆ ಮಿಷನ್ನು ಹಳೇ ದಡದ ಹೊನ್ನೆಮರದ ಕೆಳಗೆ ಕಲ್ಲಿನ ಮೇಲೆ ಕೂತಿದೆ. ಆದರೆ ನಡುಕುದ್ರುವಿಗೆ ಹೋದರೆ ನೋಡಿ. ಬಾಗಿಲಿಗೆ ಬಣ್ಣ ಹಚ್ಚಿದರೆ ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟಿರುತ್ತಾರೆ. ಹೊಸ ಗೋಡೆಗೆ ಸುಣ್ಣ ಬಳಿದರೆ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಜಾಗ. ಸೈಕಲ್ಲಿಗೆ, ಕಪಾಟಿಗೆ, ಮರದ ತೊಟ್ಟಿಲಿಗೂ. ಏಕೆ ಎಂದರೆ ದೃಷ್ಟಿಗೆ ಎನ್ನುತ್ತಾರೆ ಕೆಲವರು, ವಾಸ್ತು ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಗೋಡೆಗೆ ಎಂಥ ಕರೆಂಟು, ತೊಟ್ಟಿಲಿಗೆ ಎಂಥ ಬ್ಯಾಟರಿ ಎಂದು ಎಷ್ಟು ಬಿಡಿಸಿ ಹೇಳಿದರೂ ಕೇಳುವುದಿಲ್ಲ. ಸೂರ ಮರಕಾಲ ಇದ್ದಿದ್ದರೆ ಇವರನ್ನು ಬೈದೇ ಸುಸ್ತಾಗುತ್ತಿದ್ದ.

ಒಂದು ಪದ್ಧತಿಗೆ ಮಾತ್ರ ದೃಷ್ಟಿ ಎಂದಾಗಲಿ ವಾಸ್ತು ಎಂದಾಗಲಿ ಯಾರೂ ಹೇಳುವುದಿಲ್ಲ. ಸೂರ ಮರಕಾಲ ಸತ್ತ ದಿನ, ಹೊರಡಿಸುವ ಮೊದಲು ಮೈಗೆ ಎಣ್ಣೆ ಹಚ್ಚಿ ಮೀಯಿಸಲು ಊರವರು ಕೂತರಂತೆ. ಬಾಗಿ ಎದ್ದು ಬಂದು, ಅವನ ಬಲ ಭುಜದ ಮೇಲೆ ತನ್ನ ಹೆಬ್ಬೆಟ್ಟನ್ನು ಒತ್ತಿ ಹಿಡಿದು ಕೂತಳಂತೆ. ಸುತ್ತ ಹಚ್ಚಿ, ಇಲ್ಲಿ ಬೇಡ ಎಂದಳಂತೆ. ಏಕೆ ಎಂದು ಕೇಳಿದವರಿಗೆ, "ಹೋಪುದೇನೋ ಹೋತ್ರ್, ವಾಪಸ್ ಬಪ್ಪುಕೆ ಒಂದ್ ಜಾಗ ಬ್ಯಾಡ್ದಾ?" ಎಂದಳಂತೆ. ಅಂದಿನಿಂದ ನಡುಕುದ್ರುವಿನಲ್ಲಿ ಯಾರು ತೀರಿಕೊಂಡರೂ, ಮನೆಯವರಲ್ಲಿ ಒಬ್ಬರು ಬಂದು ಬಲ ಭುಜದ ಮೇಲೆ ಹೆಬ್ಬೆಟ್ಟು ಇಟ್ಟು ಕೂರುತ್ತಾರೆ, ಎಣ್ಣೆ ಹಚ್ಚುವವರು ಅಷ್ಟು ಜಾಗ ಬಿಟ್ಟು ಹಚ್ಚುತ್ತಾರೆ.